ಹಿತ್ತಲಲ್ಲೊಂದು ಕೋಣೆ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ನಮ್ಮಲ್ಲಿ ಬಹಳ ಹಳೆಯದು. ಆದರೆ ಹಿತ್ತಲಲ್ಲಿ ಕಟ್ಟುವ ಒಂಟಿ ಕೋಣೆಗೆ ಈ ಗಾದೆಯು ಅನ್ವಯಿಸುವುದೆಂದು ಯಾರೂ ಭಾವಿಸಿದಂತೆ ತೋರುವುದಿಲ್ಲ. ಗೌಂಡಿಯನ್ನು ಕರೆಸಿ, ನಾಲ್ಕು ಗೋಡೆಗಳನ್ನೆಬ್ಬಿಸಿ, ಮೇಲೆ ತಗಡು ಹೊದಿಸಿದರೆ ಕೆಲವೇ ದಿನಗಳಲ್ಲಿ ಕೆಲಸ ಮುಗಿಯಿತೆಂಬುದು ಸಾಮಾನ್ಯವಾದ ಎಣಿಕೆ. ಇಷ್ಟು ಸಣ್ಣ ಕಟ್ಟಡಕ್ಕೆ ಯೋಚನೆಯೇನು, ಯೋಜನೆಯೇನು ಎಂದು ಕೇಳುವವರೇ ಹೆಚ್ಚು. ಕಟ್ಟಡವು ಚಿಕ್ಕದಾದಷ್ಟೂ ಅದರ ಹಿಂದಿನ ಯೋಚನೆಯು ಹೆಚ್ಚಾಗಿರಬೇಕೆಂಬುದೇ ಈ ಲೇಖನದಲ್ಲಿ ನಾವು ಮಂಡಿಸಬೇಕೆಂದಿರುವ ಅಭಿಪ್ರಾಯ.

ನಾವು ವಾಸಿಸುವ ಕಾರಟಗಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ಕೆಲಸ ಮುಗಿದು, ಎಡದಂಡೆಯ ಕಾಲುವೆಯಲ್ಲಿ ನೀರು ಹರಿದುಬಂದ ಮೇಲೆ, ಜೋಳ ಸಜ್ಜೆಗಳ ಈ ನೆಲವು ಭತ್ತದ ನೆಲವಾಯಿತು. ಭತ್ತದ ಬೆನ್ನಿಗೆ ಅಕ್ಕಿಯ ಗಿರಣಿಗಳು ಬಂದವು. ದುಡಿಮೆಗೂ ವ್ಯಾಪಾರಕ್ಕೂ ಬಂದವರು ಇಲ್ಲಿಯೇ ನೆಲೆನಿಂತರು. ಹಳ್ಳಿಯು ಪಟ್ಟಣವಾಯಿತು; ಈಗ ಕೊಪ್ಪಳ ಜಿಲ್ಲೆಯ ಒಂದು ತಾಲ್ಲೂಕಿನ ಕೇಂದ್ರವೂ ಆಗಿದೆ. ಆದರೆ ಮನೆಗಳು ಅದೇ ವೇಗದಿಂದ ಬೆಳೆಯಲಿಲ್ಲ. ಪಡಸಾಲೆ, ಅಡುಗೆಮನೆ, ಒಂದು ಒಳಕೋಣೆ: ಇಷ್ಟರಲ್ಲಿಯೇ ಮೂರು ತಲೆಮಾರುಗಳ ಜನರು ಬಾಳಬೇಕಾದಾಗ ಎಲ್ಲರ ಕಣ್ಣೂ ಹಿತ್ತಲಿನ ಕಡೆಗೆ ಹೊರಳುವುದು ಸಹಜವೇ ಸರಿ.

ಹೀಗೆ ಹುಟ್ಟಿದ ಕೋಣೆಯು ಮಾಡಬೇಕಾದ ಕೆಲಸಗಳಾದರೂ ಎಷ್ಟು! ಬೆಳಿಗ್ಗೆ ಕಾಲೇಜಿನ ಹುಡುಗಿಯು ಅಲ್ಲಿ ಓದಬೇಕು. ಮಧ್ಯಾಹ್ನ ಅಜ್ಜಿ ಮಲಗಬೇಕು. ಸಂಜೆ ತಾಯಿ ಹೊಲಿಗೆಯ ಯಂತ್ರವನ್ನು ತುಳಿಯಬೇಕು. ರಾತ್ರಿ ನೆಂಟರು ಬಂದರೆ ಅವರಿಗೆ ಹಾಸಿಗೆ ಬಿಚ್ಚಬೇಕು. ಸುಗ್ಗಿಯಲ್ಲಿ ನಾಲ್ಕು ಚೀಲ ಭತ್ತಕ್ಕೂ ಅಲ್ಲಿಯೇ ಜಾಗ. ದೊಡ್ಡ ಮನೆಯಲ್ಲಿ ಐದು ಕೋಣೆಗಳು ಹಂಚಿಕೊಳ್ಳುವ ಕೆಲಸವನ್ನು ಇಲ್ಲಿ ಒಂದೇ ಕೋಣೆ ಹೊರುತ್ತದೆ. ದೊಡ್ಡ ಮನೆಯ ಒಂದು ಕೋಣೆ ಕೆಟ್ಟರೆ ಇನ್ನೊಂದಕ್ಕೆ ಹೋಗಬಹುದು. ಇಲ್ಲಿ ಹೋಗಲು ಇನ್ನೊಂದಿಲ್ಲ.

ಕೋಣೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು?

ಕೋಣೆಯ ಬೆಲೆಯನ್ನು ನಾವೆಲ್ಲರೂ ಚದರ ಅಡಿಗಳಲ್ಲಿ ಹೇಳುತ್ತೇವೆ. ಉದ್ದ 12 ಅಡಿ, ಅಗಲ 10 ಅಡಿ, ಒಟ್ಟು 120 ಚದರ ಅಡಿ ಎಂದರೆ ಲೆಕ್ಕ ಮುಗಿಯಿತು. ಈ ಅಳತೆಯಲ್ಲಿ ಒಂದು ದೊಡ್ಡ ಕೊರತೆಯಿದೆ: ಇದು ಕಾಲವನ್ನು ಗಣಿಸುವುದಿಲ್ಲ. ಮಾರ್ಚ್ ತಿಂಗಳ ಮೊದಲಿನಿಂದ ಮೇ ತಿಂಗಳ ಕೊನೆಯವರೆಗೆ 92 ದಿನಗಳು. ತಗಡು ಹೊದಿಸಿದ ಕೋಣೆಯಲ್ಲಿ ಹಗಲು 11 ಗಂಟೆಯಿಂದ ಸಂಜೆ 6 ಗಂಟೆಯವರೆಗೆ ಕುಳಿತುಕೊಳ್ಳಲು ಆಗದೆಂದು ಇಟ್ಟುಕೊಂಡರೆ, ದಿನಕ್ಕೆ 7 ಗಂಟೆಯಂತೆ ಒಟ್ಟು 644 ಗಂಟೆಗಳು ವ್ಯರ್ಥವಾದವು. ಈ ಗಂಟೆಗಳು ಯಾವುವೆಂಬುದನ್ನೂ ನೋಡಬೇಕು. ಹತ್ತನೆಯ ತರಗತಿಯ ಹಾಗೂ ಪಿ.ಯು.ಸಿ.ಯ ಪರೀಕ್ಷೆಗಳು ನಡೆಯುವ ಕಾಲವದು. ಮುದುಕರ ದೇಹವು ಬಿಸಿಲಿಗೆ ತೀರ ಬಳಲುವ ಕಾಲವೂ ಅದೇ. ಯಾರಿಗಾಗಿ ಕೋಣೆಯನ್ನು ಕಟ್ಟಿದೆವೋ ಅವರಿಗೆ ಅದು ಅತ್ಯಂತ ಬೇಕಾದ ಹೊತ್ತಿನಲ್ಲಿಯೇ ಇಲ್ಲವಾಗುತ್ತದೆ.

ಆದುದರಿಂದ, ಹಿತ್ತಲ ಕೋಣೆಯನ್ನು ಅದರ ನೆಲದ ವಿಸ್ತೀರ್ಣದಿಂದ ಅಳೆಯದೆ, ವರ್ಷದಲ್ಲಿ ಮನುಷ್ಯನು ಅಲ್ಲಿ ನೆಮ್ಮದಿಯಿಂದ ಇರಬಹುದಾದ ಗಂಟೆಗಳಿಂದ ಅಳೆಯಬೇಕೆಂದು ನಾವು ಹೇಳುತ್ತೇವೆ. ಈ ಅಳತೆಗೋಲನ್ನು ಹಿಡಿದು ನೋಡಿದರೆ ಅಗ್ಗದ ಕೋಣೆಗಳು ದುಬಾರಿಯಾಗಿಯೂ, ಸ್ವಲ್ಪ ದುಬಾರಿಯೆಂದು ಕಂಡವು ಅಗ್ಗವಾಗಿಯೂ ತೋರಿಬರುವುವು.

ತಗಡಿನ ಕೆಳಗೆ ನಡೆಯುವುದೇನು?

ನಮ್ಮ ಕಡೆ 'ಪತ್ರಾಸ್' ಎಂದು ಕರೆಯುವ ತಗಡಿನ ಮಾಡನ್ನು ಭೌತಶಾಸ್ತ್ರದ ಕಣ್ಣಿನಿಂದ ನೋಡೋಣ. ನಿರ್ಮಲವಾದ ಆಕಾಶವಿರುವ ದಿನ ನಡುಹಗಲಿನಲ್ಲಿ ಒಂದು ಚದರ ಮೀಟರು ನೆಲದ ಮೇಲೆ ಬೀಳುವ ಸೂರ್ಯಶಕ್ತಿ ಸುಮಾರು 1000 ವಾಟ್. ನಮ್ಮ 120 ಚದರ ಅಡಿಯ ಮಾಡು ಸುಮಾರು 11 ಚದರ ಮೀಟರು. ಅಂದರೆ ಅದರ ಮೇಲೆ ಸುರಿಯುವ ಶಕ್ತಿ 11 ಕಿಲೋವಾಟ್. ನೀರು ಕಾಯಿಸುವ ಒಂದು ಕಿಲೋವಾಟಿನ ವಿದ್ಯುತ್ ಸುರುಳಿಗಳನ್ನು ಹನ್ನೊಂದು ಒಟ್ಟಿಗೆ ಉರಿಸಿದಷ್ಟು. ಹಳತಾಗಿ ಮಾಸಿದ ತಗಡು ಇದರಲ್ಲಿ ಅರ್ಧವನ್ನು ಹೀರಿಕೊಂಡಿತೆಂದು ಎಣಿಸಿದರೂ 5.5 ಕಿಲೋವಾಟ್ ಆಯಿತು.

ಅರ್ಧ ಮಿಲಿಮೀಟರು ದಪ್ಪದ ಆ ತಗಡಿನ ಒಟ್ಟು ತೂಕ ಸುಮಾರು 44 ಕಿಲೋಗ್ರಾಂ. ಕಬ್ಬಿಣದ ವಿಶಿಷ್ಟೋಷ್ಣವನ್ನು ತಿಳಿದ ವಿದ್ಯಾರ್ಥಿಯು, ಇಡೀ ತಗಡಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 20 ಕಿಲೋಜೂಲ್ ಸಾಕೆಂಬುದನ್ನು ಸುಲಭವಾಗಿ ಕಂಡುಹಿಡಿಯಬಲ್ಲನು. ಸೆಕೆಂಡಿಗೆ 5.5 ಕಿಲೋಜೂಲ್ ಒಳಗೆ ಬರುತ್ತಿರುವಾಗ, ಮೊದಮೊದಲು ನಾಲ್ಕು ಸೆಕೆಂಡಿಗೆ ಒಂದು ಡಿಗ್ರಿಯಂತೆ ತಗಡು ಕಾಯಬಲ್ಲುದು. ಕಾದಂತೆಲ್ಲ ಅದು ಗಾಳಿಗೂ ಆಕಾಶಕ್ಕೂ ಉಷ್ಣವನ್ನು ಬಿಟ್ಟುಕೊಡುವುದರಿಂದ ಈ ಏರಿಕೆ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಆದರೆ ಆ ಮಟ್ಟವು ಹೊರಗಿನ ಗಾಳಿಗಿಂತ ಬಹಳ ಮೇಲೆ.

ಇದೇ ಲೆಕ್ಕವನ್ನು ಹಳೆಯ ಮಾಳಿಗೆಯ ಮನೆಗೆ ಹಾಕೋಣ. ಒಂಬತ್ತು ಅಂಗುಲ ದಪ್ಪದ ಮಣ್ಣಿನ ಮಾಳಿಗೆಯು ಇಷ್ಟೇ ವಿಸ್ತಾರಕ್ಕೆ ಸುಮಾರು 4000 ಕಿಲೋಗ್ರಾಂ ತೂಗುತ್ತದೆ. ಅದನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 3600 ಕಿಲೋಜೂಲ್ ಬೇಕು. ಅದೇ ಬಿಸಿಲಿನಲ್ಲಿ ಒಂದು ಡಿಗ್ರಿ ಏರಲು ಮಾಳಿಗೆಗೆ ಹತ್ತು ನಿಮಿಷಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ನಾಲ್ಕು ಸೆಕೆಂಡು ಒಂದು ಕಡೆ, ಹತ್ತು ನಿಮಿಷ ಇನ್ನೊಂದು ಕಡೆ! ಇದು ಅಂದಾಜಿನ ಲೆಕ್ಕವೇ ಹೌದು. ಆದರೂ ಎರಡು ಮಾಡುಗಳ ಸ್ವಭಾವದ ಅಂತರವನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

'ಪಂಖವನ್ನು ಹಾಕಿಕೊಂಡರಾಯಿತು' ಎಂದು ಕೆಲವರು ಹೇಳುವರು. ಇಲ್ಲಿಯೇ ವಿಕಿರಣದ ಪ್ರಶ್ನೆ ಬರುವುದು. ವಸ್ತುವೊಂದು ಹೊರಸೂಸುವ ವಿಕಿರಣವು ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ ಎಂಬ ನಿಯಮವನ್ನು 1879ರಲ್ಲಿ ಜೋಸೆಫ್ ಸ್ಟೆಫಾನ್ ತಿಳಿಸಿದನು. ಈ ನಿಯಮದಂತೆ, 60 ಡಿಗ್ರಿಗೆ ಕಾದ ಕಪ್ಪು ಮೇಲ್ಮೈಯು ಚದರ ಮೀಟರಿಗೆ ಸುಮಾರು 700 ವಾಟ್ ಸೂಸುತ್ತದೆ. 34 ಡಿಗ್ರಿಯಲ್ಲಿರುವ ನಮ್ಮ ಚರ್ಮವು ಸೂಸಬಲ್ಲುದು ಸುಮಾರು 500 ವಾಟ್. ಹೊಸ ಹೊಳೆಯುವ ತಗಡು ಇದಕ್ಕಿಂತ ಕಡಿಮೆ ಸೂಸೀತು. ಧೂಳು ತುಕ್ಕುಗಳು ಹತ್ತಿದ ತಗಡು ಈ ಅಂಕಿಗೆ ಸಮೀಪವಾಗಿಯೇ ಇರುತ್ತದೆ. ಕೊಡುವುದಕ್ಕಿಂತ ಕೊಳ್ಳುವುದೇ ಹೆಚ್ಚಾದ ಈ ವ್ಯವಹಾರದಲ್ಲಿ ದೇಹವು ಬೆವರಿನಿಂದ ಮಾತ್ರ ತನ್ನನ್ನು ಕಾಪಾಡಿಕೊಳ್ಳಬೇಕು. ಪಂಖವು ಗಾಳಿಯನ್ನು ತಿರುಗಿಸಬಲ್ಲುದೇ ಹೊರತು ಮೇಲಿನಿಂದ ಇಳಿಯುವ ವಿಕಿರಣವನ್ನು ತಡೆಯಲಾರದು. ವಯಸ್ಸಾದವರಲ್ಲಿ ಬೆವರುವ ಶಕ್ತಿಯೂ ಕುಗ್ಗಿರುತ್ತದೆ. ಅಜ್ಜಿಗೆಂದು ಕಟ್ಟಿದ ಕೋಣೆಯಲ್ಲಿ ಅಜ್ಜಿಯೇ ಎಲ್ಲರಿಗಿಂತ ಹೆಚ್ಚು ಅಪಾಯಕ್ಕೊಳಗಾಗುವುದು ಹೀಗೆ.

ಮಾಳಿಗೆಯೇ ಉತ್ತರವೆ?

ಹಾಗಾದರೆ ಹಿಂದಿನಂತೆ ಮಾಳಿಗೆಯನ್ನೇ ಹಾಕಿಬಿಡೋಣವೆ? ಹಿರಿಯರ ಬುದ್ಧಿವಂತಿಕೆಯನ್ನು ಕೊಂಡಾಡಿ ಲೇಖನವನ್ನು ಮುಗಿಸುವುದು ಸುಲಭ. ಆದರೆ ವಿಜ್ಞಾನವು ಹೊಗಳಿಕೆಯಿಂದ ತೃಪ್ತಿಪಡುವುದಿಲ್ಲ. ಮಾಳಿಗೆಯ ಮನೆಯಲ್ಲಿ ಹಗಲು ತಂಪು ನಿಜ; ಬೆಳಕು ಕಡಿಮೆಯೆಂಬುದೂ ನಿಜ. ಮಳೆಗಾಲಕ್ಕೆ ಮುಂಚೆ ಮೇಲಿನ ಮಣ್ಣನ್ನು ಸರಿಪಡಿಸದಿದ್ದರೆ ಸೋರುವುದು. ತೊಲೆಗಳಿಗೆ ಗೆದ್ದಲು ಹಿಡಿಯುವುದು. ಎಲ್ಲಕ್ಕಿಂತ ಮುಖ್ಯವಾಗಿ, ಹಗಲೆಲ್ಲ ನಿಧಾನವಾಗಿ ಹೀರಿದ ಉಷ್ಣವನ್ನು ದಪ್ಪನಾದ ಮಾಡು ರಾತ್ರಿಯೆಲ್ಲ ನಿಧಾನವಾಗಿ ಹೊರಗೆಡಹುತ್ತದೆ. ಬೇಸಗೆಯ ರಾತ್ರಿಗಳಲ್ಲಿ ನಮ್ಮ ಜನ ಒಳಗೆ ಮಲಗದೆ ಮಾಳಿಗೆಯ ಮೇಲೋ ಅಂಗಳದಲ್ಲೋ ಮಲಗುತ್ತಿದ್ದುದು ಸುಮ್ಮನೆ ಅಲ್ಲ. ಕಾಂಕ್ರೀಟಿನ ಮಾಡಿಗೂ ಈ ದೋಷ ತಪ್ಪಿದ್ದಲ್ಲ. ನಾಲ್ಕೂವರೆ ಅಂಗುಲದ ಹಲಗೆಯು ಮಧ್ಯಾಹ್ನದ ಬಿಸಿಲನ್ನು ಸಂಜೆಗೂ ರಾತ್ರಿಗೂ ಮುಂದೂಡುತ್ತದೆ, ಅಷ್ಟೆ. ಕಾಂಕ್ರೀಟು ಹಾಕಿಸಿದವರು ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿ ನಿಟ್ಟುಸಿರು ಬಿಡುವುದನ್ನು ಯಾವ ಊರಿನಲ್ಲಿಯಾದರೂ ಕಾಣಬಹುದು.

ಬಹೂಪಯೋಗಿ ಕೋಣೆಯ ನಿಜವಾದ ತೊಡಕು ಇಲ್ಲಿದೆ. ಹಗಲಿನ ಕೋಣೆಗೆ ಭಾರವಾದ ಮೈ ಬೇಕು. ರಾತ್ರಿಯ ಕೋಣೆಗೆ ಹಗುರವಾದ ಮೈ ಬೇಕು. ಓದುವವರಿಗೆ ಬೆಳಕು ಬೇಕು. ಮಲಗುವವರಿಗೆ ಬಿಸಿಲು ಬೇಡ. ಈ ವಿರೋಧವನ್ನು ಪರಿಹರಿಸುವ ಮಾರ್ಗವೊಂದಿದೆ. ಗೋಡೆಗಳು ಕಲ್ಲು ಅಥವಾ ಇಟ್ಟಿಗೆಯವಾಗಿ ಭಾರವಾಗಿರಲಿ. ಮಾಡು ಹಗುರವಾಗಿರಲಿ, ಆದರೆ ಅದರ ಕೆಳಗೆ ಉಷ್ಣವನ್ನು ತಡೆಯುವ ಪದರವಿರಲಿ. ರಾತ್ರಿ ಕಿಟಕಿಗಳನ್ನು ತೆರೆದಿಟ್ಟು ಗೋಡೆಗಳನ್ನು ತಣಿಸಬೇಕು. ಬೆಳಿಗ್ಗೆ ಒಂಬತ್ತರ ಮೇಲೆ, ಹೊರಗಿನ ಗಾಳಿಯು ಒಳಗಿನದಕ್ಕಿಂತ ಬಿಸಿಯಾಗುವ ಮುನ್ನ, ಅವನ್ನು ಮುಚ್ಚಬೇಕು. ಸೆಕೆಯಾದೊಡನೆ ಕಿಟಕಿ ತೆರೆಯುವುದು ನಮ್ಮ ಅಭ್ಯಾಸ; ಹೊರಗೆ 40 ಡಿಗ್ರಿಯ ಗಾಳಿ ಬೀಸುತ್ತಿರುವಾಗ ಅದು ಒಲೆಯ ಬಾಗಿಲನ್ನು ತೆರೆದಂತೆಯೇ ಸರಿ.

ಹಿತ್ತಲ ಗಿಡವೂ ಮದ್ದೇ

ಉಷ್ಣವನ್ನು ತಡೆಯುವ ಪದರಕ್ಕಾಗಿ ದೂರ ಹೋಗಬೇಕಾಗಿಲ್ಲ. 'ಹಿತ್ತಲ ಗಿಡ ಮದ್ದಲ್ಲ' ಎಂಬಂತೆ, ಕಾರಟಗಿಯ ಗಿರಣಿಗಳ ಮುಂದೆ ರಾಶಿ ಬೀಳುವ ಭತ್ತದ ಹೊಟ್ಟಿನ ಗುಣವನ್ನು ನಾವು ಗಮನಿಸಿಲ್ಲ. ಭತ್ತದ ತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಹೊಟ್ಟು. ಗಿರಣಿಗಳು ಅದನ್ನು ಉರುವಲಾಗಿ ಬಳಸುತ್ತವೆ. ಹೊಟ್ಟಿನ ಎಲೆಎಲೆಗಳ ನಡುವೆ ಸಿಕ್ಕಿಬಿದ್ದ ಗಾಳಿಯು ಚಲಿಸದೆ ನಿಲ್ಲುವುದರಿಂದ ಅದು ಬಹಳ ಒಳ್ಳೆಯ ಉಷ್ಣನಿರೋಧಕ. ಅದರ ಉಷ್ಣವಾಹಕತೆಯು ಮೀಟರಿಗೆ, ಡಿಗ್ರಿಗೆ ಸುಮಾರು 0.05 ವಾಟ್, ಕಾಂಕ್ರೀಟಿನದು ಸುಮಾರು 1.5. ಅಂದರೆ, ಎರಡು ಅಂಗುಲ ದಪ್ಪದ ಹೊಟ್ಟಿನ ಪದರವು ಉಷ್ಣವಹನವನ್ನು ತಡೆಯುವುದರಲ್ಲಿ ಐದು ಅಡಿ ದಪ್ಪದ ಕಾಂಕ್ರೀಟಿಗೆ ಸಮ! ನಮ್ಮ ಕೋಣೆಯ ಮಾಡಿಗೆ ಬೇಕಾಗುವ ಹೊಟ್ಟಿನ ತೂಕ ಒಬ್ಬ ಮನುಷ್ಯನ ತೂಕಕ್ಕಿಂತ ಬಹಳ ಹೆಚ್ಚೇನೂ ಅಲ್ಲ.

ತಗಡಿನಿಂದ ಒಂದು ಅಡಿ ಕೆಳಗೆ ಹಲಗೆಯ ಅಥವಾ ಬಿದಿರಿನ ತಟ್ಟಿಯ ಒಳಮಾಡನ್ನು ಕಟ್ಟಿ, ಹೊಟ್ಟನ್ನು ಚೀಲಗಳಲ್ಲಿ ತುಂಬಿ ಬಾಯಿ ಹೊಲಿದು ಅದರ ಮೇಲೆ ಹಾಸಬಹುದು. ತಗಡಿಗೂ ಚೀಲಗಳಿಗೂ ನಡುವಿನ ತೆರಪಿನ ಎರಡು ತುದಿಗಳನ್ನೂ ಜಾಲರಿ ಹಾಕಿ ತೆರೆದೇ ಇಡಬೇಕು. ಕಾದ ಗಾಳಿಯು ಅಲ್ಲಿಂದ ಹೊರಟುಹೋಗುವುದು. ಜಾಲರಿಯಿಲ್ಲದಿದ್ದರೆ ಇಲಿಗಳು ಸಂಸಾರ ಹೂಡುವುವು. ಹೊಟ್ಟಿನಲ್ಲಿ ಸಿಲಿಕಾಂಶವು ಹೆಚ್ಚಾಗಿರುವುದರಿಂದ ಅದು ಹುಲ್ಲಿನಂತೆ ಭಗ್ಗನೆ ಹತ್ತಿ ಉರಿಯುವುದಿಲ್ಲ; ಆದರೆ ಕಿಡಿ ತಾಗಿದರೆ ಒಳಗೊಳಗೇ ಕುಮುಲುವುದು. ಆದುದರಿಂದ ವಿದ್ಯುತ್ತಿನ ತಂತಿಗಳನ್ನು ಕೊಳವೆಯೊಳಗೆ ಗೋಡೆಯ ಮೇಲೆಯೇ ಒಯ್ಯಬೇಕು. ಈ ಕೋಣೆಯಲ್ಲಿ ಒಲೆ ಹೂಡಲೇಬಾರದು. ಮಾಡು ಸೋರದಂತೆಯೂ ನೋಡಿಕೊಳ್ಳಬೇಕು. ಇದಾವುದೂ ಆಗದವರು ತಗಡಿನ ಮೇಲ್ಭಾಗಕ್ಕೆ ವರ್ಷಕ್ಕೊಮ್ಮೆ ಬಿಳಿಯ ಸುಣ್ಣವನ್ನಾದರೂ ಬಳಿಯಲಿ. ಹೊಸದಾಗಿ ಬಳಿದ ಸುಣ್ಣವು ಬಿಸಿಲಿನ ಹೆಚ್ಚಿನ ಪಾಲನ್ನು ಪ್ರತಿಫಲಿಸಿ ಹಿಂದಕ್ಕೆ ಕಳಿಸುತ್ತದೆ.

ಸೂರ್ಯನು ಎಲ್ಲಿ ನಿಲ್ಲುವನು?

ಖರ್ಚೇ ಇಲ್ಲದ ಉಪಾಯವೊಂದಿದೆ: ಕೋಣೆಯ ದಿಕ್ಕನ್ನು ಸರಿಯಾಗಿ ಆರಿಸುವುದು. ಕಾರಟಗಿಯು ಭೂಮಧ್ಯರೇಖೆಯಿಂದ ಸುಮಾರು 15½ ಡಿಗ್ರಿ ಉತ್ತರಕ್ಕಿದೆ. ಮೇ ತಿಂಗಳ ಮೊದಲ ವಾರದ ಆಸುಪಾಸಿನಲ್ಲಿಯೂ ಆಗಸ್ಟ್ ತಿಂಗಳ ಎರಡನೆಯ ವಾರದ ಆಸುಪಾಸಿನಲ್ಲಿಯೂ ನಡುಹಗಲಿನ ಸೂರ್ಯನು ಇಲ್ಲಿ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಈ ನಡುವಣ ತಿಂಗಳುಗಳಲ್ಲಿ ಅವನು ನೆತ್ತಿಯಿಂದ ತುಸು ಉತ್ತರಕ್ಕೆ ಸರಿದಿರುವನು. ಉಳಿದ ಕಾಲದಲ್ಲಿ ದಕ್ಷಿಣಕ್ಕೆ. ಡಿಸೆಂಬರ್ ಕೊನೆಯಲ್ಲಿ ಅವನ ನಡುಹಗಲಿನ ಎತ್ತರ ಕ್ಷಿತಿಜದಿಂದ 51 ಡಿಗ್ರಿ. ಮಾರ್ಚ್ 21ರ ಹೊತ್ತಿಗೆ 74 ಡಿಗ್ರಿಗಿಂತ ತುಸು ಹೆಚ್ಚು.

ತ್ರಿಕೋಣಮಿತಿಯನ್ನು ಕಲಿಯುತ್ತಿರುವ ವಿದ್ಯಾರ್ಥಿಗಳು ಅದನ್ನು ಬಳಸಲು ಇದಕ್ಕಿಂತ ಒಳ್ಳೆಯ ಅವಕಾಶ ದೊರೆಯಲಾರದು. ದಕ್ಷಿಣದ ಗೋಡೆಯ ಮೇಲೆ ಸೂರನ್ನು ಎರಡು ಅಡಿ ಮುಂದಕ್ಕೆ ಚಾಚಿದರೆ, ಅದರ ನೆರಳು ಡಿಸೆಂಬರಿನ ನಡುಹಗಲಲ್ಲಿ ಸುಮಾರು ಎರಡೂವರೆ ಅಡಿ ಮಾತ್ರ ಕೆಳಗಿಳಿಯುವುದು. ಚಳಿಗಾಲದ ಹಿತವಾದ ಬಿಸಿಲು ಕಿಟಕಿಯೊಳಗೆ ಬರುವುದು. ಮಾರ್ಚ್ 21ಕ್ಕೆ ಅದೇ ನೆರಳು ಏಳು ಅಡಿ ಇಳಿದು ಕಿಟಕಿಯನ್ನು ಪೂರ್ತಿಯಾಗಿ ಮುಚ್ಚುವುದು. ಉತ್ತರದ ಗೋಡೆಗೂ ಅಷ್ಟೇ ಚಾಚು ಇದ್ದರೆ ಜೂನ್ ತಿಂಗಳ ನಡುಹಗಲಿನಲ್ಲಿ ಅದು ಪೂರ್ತಿ ನೆರಳಿನಲ್ಲಿರುವುದು. ಎರಡು ಅಡಿಯ ಸೂರು ಯಾರೂ ಕೈಯಾಡಿಸದೆ ಕಾಲಕ್ಕೆ ತಕ್ಕಂತೆ ಬಿಸಿಲನ್ನು ಒಳಗೆ ಬಿಡುವ, ತಡೆಯುವ ಯಂತ್ರವಾಯಿತು.

ಆದರೆ ಪಶ್ಚಿಮದ ಗೋಡೆಗೆ ಸೂರಿನಿಂದ ರಕ್ಷಣೆಯಿಲ್ಲ. ಮಧ್ಯಾಹ್ನ ಮೂರರ ಮೇಲೆ ಇಳಿಬಿಸಿಲು ಅಡ್ಡವಾಗಿ ಬರುತ್ತದೆ. ಹೊರಗಿನ ಗಾಳಿಯೂ ಆಗಲೇ ಅತ್ಯಂತ ಬಿಸಿಯಾಗಿರುತ್ತದೆ. ಆದುದರಿಂದ ಕೋಣೆಯ ಉದ್ದವಾದ ಬದಿಗಳು ಉತ್ತರ ದಕ್ಷಿಣಗಳಿಗೆ ಮುಖ ಮಾಡಿರಲಿ. ಪಶ್ಚಿಮಕ್ಕೆ ಗಿಡ್ಡ ಬದಿಯಿದ್ದು ಅದರಲ್ಲಿ ಕಿಟಕಿಯಿಲ್ಲದಿರಲಿ. ಓದುವ ಮೇಜನ್ನು ಉತ್ತರದ ಕಿಟಕಿಯ ಪಕ್ಕದಲ್ಲಿಟ್ಟರೆ ಸಮನಾದ ಬೆಳಕು ದಿನವೆಲ್ಲ ದೊರೆಯುವುದು. ಉತ್ತರದ ಗೋಡೆಯಲ್ಲಿ ಕೆಳಗೊಂದು, ದಕ್ಷಿಣದ ಗೋಡೆಯಲ್ಲಿ ಮೇಲೊಂದು, ಚದರ ಅಡಿಯಷ್ಟು ದೊಡ್ಡ ಗವಾಕ್ಷಿಗಳನ್ನು ಆರೇಳು ಅಡಿ ಎತ್ತರದ ಅಂತರದಲ್ಲಿ ಇರಿಸಬೇಕು. ಬಿಸಿ ಗಾಳಿಯು ಹಗುರವಾದುದರಿಂದ ಮೇಲಿನಿಂದ ಹೊರಟು, ತಂಪು ಗಾಳಿ ಕೆಳಗಿನಿಂದ ಬರುವುದು. ಒಳಗೂ ಹೊರಗೂ ಐದು ಡಿಗ್ರಿ ವ್ಯತ್ಯಾಸವಿರುವ ರಾತ್ರಿಯಲ್ಲಿ, ಎಲೆ ಅಲುಗದಿದ್ದರೂ, ಕೋಣೆಯ ಗಾಳಿಯೆಲ್ಲ ಗಂಟೆಗೆ ಸುಮಾರು ಮೂರು ಬಾರಿ ಬದಲಾಗಬಲ್ಲುದು.

ಕಾಲ ಕೆಳಗಿನ ನೆಲ

ಮೇಲಿನ ಬಿಸಿಲಿನಷ್ಟೇ ಕೆಳಗಿನ ನೆಲವೂ ನಮ್ಮ ಸೀಮೆಯಲ್ಲಿ ಕಟ್ಟಡಕ್ಕೆ ಶತ್ರು. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಚಿಕ್ಕ ಕಟ್ಟಡಕ್ಕೆ ಚಿಕ್ಕ ಪಾಯ ಸಾಕೆಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ದೊಡ್ಡ ಕಟ್ಟಡವು ತನ್ನ ಭಾರದಿಂದ ಉಬ್ಬುವ ಮಣ್ಣನ್ನು ಸ್ವಲ್ಪಮಟ್ಟಿಗಾದರೂ ಅದುಮಿ ಹಿಡಿಯುತ್ತದೆ. ಹಗುರವಾದ ಕೋಣೆಯನ್ನು ಮಣ್ಣು ಎತ್ತಿ ಇಳಿಸಿ ಗೋಡೆಗಳನ್ನು ಸೀಳುತ್ತದೆ. ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಕ್ರೀಟು ಕಂಬಗಳ ಪಾಯವನ್ನು ರೂಪಿಸಿತು. ಎರೆಯ ಪದರವು ತೆಳುವಾಗಿರುವಲ್ಲಿ ಅದನ್ನು ದಾಟಿ ಗರಸು ಸಿಕ್ಕುವವರೆಗೆ ಅಗೆಯುವುದೇ ಸರಳವಾದ ದಾರಿ. ಬಚ್ಚಲಿನ ನೀರು ಗೋಡೆಯ ಬುಡದಲ್ಲಿ ಇಂಗದಂತೆ ಸುತ್ತಲೂ ಮೂರು ಅಡಿ ಕಲ್ಲುಹಾಸನ್ನು ಇಳಿಜಾರಾಗಿ ಮಾಡಬೇಕು. ನೆರಳಿಗೆಂದು ಪಶ್ಚಿಮಕ್ಕೆ ಬೇವಿನ ಗಿಡ ನೆಡುವುದು ಒಳ್ಳೆಯದು. ಆದರೆ ಅದರ ಬೇರುಗಳು ಪಾಯದ ಕೆಳಗಿನ ನೀರನ್ನು ಹೀರದಷ್ಟು ದೂರದಲ್ಲಿ ನೆಡಬೇಕು.

ಕಾಲುವೆಯ ನೀರು ಭತ್ತವನ್ನು ತಂದಂತೆ ಕೆಲವು ಕಡೆ ಜೌಗನ್ನೂ ಸವುಳನ್ನೂ ತಂದಿದೆ. ನೆಲದಲ್ಲಿರುವ ಉಪ್ಪುನೀರು ಗೋಡೆಯನ್ನು ಹತ್ತುವುದು ಕೇಶಾಕರ್ಷಣದಿಂದ. ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತ್ರಿಜ್ಯವುಳ್ಳ ಸೂಕ್ಷ್ಮರಂಧ್ರಗಳಲ್ಲಿ ನೀರು ಸುಮಾರು ಒಂದೂವರೆ ಮೀಟರು ಏರಬಲ್ಲುದು. ನೀರು ಆರಿಹೋಗಿ ಉಪ್ಪು ಉಳಿಯುವುದು. ಉಪ್ಪು ಹರಳುಗಟ್ಟಿ ಗಿಲಾವನ್ನು ಉದುರಿಸುವುದು. ಇಟ್ಟಿಗೆಗಳನ್ನು ಏರಿಸುವ ಮುನ್ನ, ಪಾಯದ ಮೇಲೆ ನೀರು ಹಾಯದ ಸಿಮೆಂಟಿನ ಒಂದು ಪದರವನ್ನು ಎಳೆದರೆ ಈ ರೋಗಕ್ಕೆ ಮೊದಲೇ ಮದ್ದಾಯಿತು. ಗೋಡೆ ಎದ್ದ ಮೇಲೆ ಮಾಡುವ ಯಾವ ಚಿಕಿತ್ಸೆಯೂ ಇದಕ್ಕೆ ಸಮನಲ್ಲ.

ಎಲ್ಲ ಉಪಯೋಗಗಳೂ ಒಂದೇ ಕಡೆಗಲ್ಲ

ಬಹೂಪಯೋಗಿ ಎಂದ ಮಾತ್ರಕ್ಕೆ ಎಲ್ಲವನ್ನೂ ತುರುಕಬಹುದೆಂದಲ್ಲ. ಒಕ್ಕಲುತನದ ಮನೆಗಳಲ್ಲಿ ಕ್ರಿಮಿನಾಶಕದ ಡಬ್ಬಿಗಳೂ ಗೊಬ್ಬರದ ಚೀಲಗಳೂ ಸಿಂಪಡಿಸುವ ಯಂತ್ರವೂ ಹಿತ್ತಲ ಕೋಣೆಯ ಮೂಲೆಯನ್ನೇ ಸೇರುವುದನ್ನು ನಾವು ಕಾಣುತ್ತೇವೆ. ಅದೇ ಕೋಣೆಯಲ್ಲಿ ಮಕ್ಕಳು ಓದಿ ಮಲಗುವರು. ಕಾದ ಕೋಣೆಯಲ್ಲಿ ಇಂಥ ದ್ರವಗಳು ಬೇಗನೆ ಆವಿಯಾಗುವುವೆಂಬುದನ್ನು ವಿಜ್ಞಾನದ ವಿದ್ಯಾರ್ಥಿಗೆ ಹೇಳಿಕೊಡಬೇಕಾಗಿಲ್ಲ. ಮನುಷ್ಯರು ಉಸಿರಾಡುವ ಗಾಳಿಯಲ್ಲಿ ಇವಕ್ಕೆ ಪಾಲಿರಕೂಡದು. ಹೊರಗೋಡೆಗೆ ಹತ್ತಿಸಿ, ಹೊರಗಿನಿಂದಲೇ ಬಾಗಿಲಿರುವ, ಬೀಗ ಹಾಕಬಹುದಾದ ಪುಟ್ಟ ಗೂಡೊಂದನ್ನು ಅವಕ್ಕಾಗಿ ಕಟ್ಟಬೇಕು. ಈ ಒಂದು ವಿಷಯದಲ್ಲಿ ನಾವು ಯಾವ ರಾಜಿಗೂ ಒಪ್ಪಲಾರೆವು.

ಉಳಿದ ಉಪಯೋಗಗಳು ಕಾಲವನ್ನು ಹಂಚಿಕೊಂಡರೆ ಒಂದೇ ಜಾಗದಲ್ಲಿ ನಡೆಯುತ್ತವೆ. ದಕ್ಷಿಣದ ಗೋಡೆಯುದ್ದಕ್ಕೂ ಒಂದೂವರೆ ಅಡಿ ಎತ್ತರದ ಕಟ್ಟೆಯಿದ್ದರೆ ಹಗಲು ಅದು ಆಸನ, ರಾತ್ರಿ ಹಾಸಿಗೆ. ಅದರ ಒಳಗಿನ ಟೊಳ್ಳು ಹೊದಿಕೆಗಳಿಗೆ ಪೆಟ್ಟಿಗೆ. ಗೋಡೆಯ ದಪ್ಪದಲ್ಲಿಯೇ ಬಿಟ್ಟ ಗೂಡುಗಳು ಪುಸ್ತಕಗಳಿಗೆ ಸಾಕು. ಭತ್ತದ ಚೀಲಗಳನ್ನು ಹಲಗೆಯ ಮೇಲೆ, ಗೋಡೆಗೆ ತಾಗದಂತೆ, ಗಾಳಿಯಾಡಲು ಬಿಟ್ಟು ಇರಿಸಬೇಕು.

ಖರ್ಚಿನ ಮಾತು

'ಇಷ್ಟೆಲ್ಲ ಮಾಡಲು ಹಣವೆಲ್ಲಿ?' ಎಂಬ ಆಕ್ಷೇಪಣೆ ನ್ಯಾಯವಾದುದು. ನಮ್ಮ ಉತ್ತರವಿಷ್ಟೆ: ಆಮೇಲೆ ತಿದ್ದಲಾಗದುದನ್ನು ಮೊದಲು ಮಾಡಬೇಕು. ದಿಕ್ಕು, ಪಾಯ, ನೀರು ಹತ್ತದ ಪದರ, ಗವಾಕ್ಷಿಗಳು: ಈ ನಾಲ್ಕನ್ನು ಕಟ್ಟುವಾಗಲೇ ಮಾಡಬೇಕು. ಇವುಗಳಲ್ಲಿ ದಿಕ್ಕಿಗೆ ಖರ್ಚಿಲ್ಲ. ಗವಾಕ್ಷಿಗೆ ಬೇಕಾದುದು ಇಟ್ಟಿಗೆಗಳನ್ನು ಬಿಡುವುದೇ ಹೊರತು ಇಡುವುದಲ್ಲ. ಒಳಮಾಡು, ಹೊಟ್ಟಿನ ಚೀಲ, ಕಟ್ಟೆ, ಸುಣ್ಣ, ನೆರಳಿನ ಬಳ್ಳಿ ಇವು ವರ್ಷಕ್ಕೊಂದರಂತೆ ಬರಲಿ. ನಾವು ಕಂಡಂತೆ ಜನ ಮಾಡುವುದು ಇದಕ್ಕೆ ವಿರುದ್ಧ: ಪಾಯದಲ್ಲಿ ಉಳಿಸಿದ ಹಣವನ್ನು ಮುಂಬಾಗಿಲಿನ ಬಣ್ಣಕ್ಕೆ ಹಾಕುತ್ತಾರೆ.

ಕಡಿಮೆ ಖರ್ಚಿನಲ್ಲಿ ಬುದ್ಧಿಯಿಂದ ಕಟ್ಟುವುದನ್ನು ಕೀಳೆಂದು ಎಣಿಸುವ ಕಾರಣವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ಎಂಬ ಗ್ರಾಮತಂತ್ರಜ್ಞಾನ ವಿಭಾಗದ ವಿಜ್ಞಾನಿಗಳು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿದ ಇಟ್ಟಿಗೆಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ನಡೆಸಿದರು. ಕೆಮ್ಮಣ್ಣಿಗೆ ಒಪ್ಪುವ ಈ ವಿಧಾನ ನಮ್ಮ ಎರೆಮಣ್ಣಿಗೆ ಹಾಗೆಯೇ ಒಪ್ಪದೆಂಬುದನ್ನು ಮಾತ್ರ ನೆನಪಿಡಬೇಕು. ಕೇರಳದಲ್ಲಿ ನೆಲೆಸಿದ ಲಾರಿ ಬೇಕರ್ (1917–2007) ಇಟ್ಟಿಗೆಗಳನ್ನು ಅಂಚಿನ ಮೇಲೆ ನಿಲ್ಲಿಸಿ, ಗೋಡೆಯೊಳಗೆ ಗಾಳಿಯ ಟೊಳ್ಳನ್ನು ಬಿಡುವ ಕಟ್ಟುವಿಕೆಯನ್ನು ಪ್ರಚಾರಗೊಳಿಸಿದರು. ಅದರಿಂದ ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುವುದಲ್ಲದೆ ಟೊಳ್ಳಿನ ಗಾಳಿ ಉಷ್ಣವನ್ನೂ ತಡೆಯುವುದು. ಪಶ್ಚಿಮದ ಗೋಡೆಗೆ ಇದು ಹೇಳಿಮಾಡಿಸಿದಂತಿದೆ.

ವಿದ್ಯಾರ್ಥಿಗಳಿಗೊಂದು ಕೆಲಸ

ಇಲ್ಲಿ ಬರೆದುದನ್ನು ನಮ್ಮ ಮಾತಿನ ಮೇಲೆ ನಂಬಬೇಕಾಗಿಲ್ಲ. ಎರಡು ತಾಪಮಾಪಕಗಳನ್ನು ತೆಗೆದುಕೊಳ್ಳಿರಿ. ಒಂದನ್ನು ಹಿತ್ತಲ ಕೋಣೆಯ ನಡುವೆ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ, ಗೋಡೆಗೆ ತಾಗದಂ‌ತೆ ತೂಗುಹಾಕಿರಿ; ಇನ್ನೊಂದನ್ನು ಹೊರಗೆ, ಗಾಳಿಯಾಡುವ ನೆರಳಿನಲ್ಲಿ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಗಂಟೆಗೊಮ್ಮೆ ಓದಿ ಬರೆದುಕೊಳ್ಳಿರಿ. ನೆರೆಯವರ ಮಾಳಿಗೆಯ ಮನೆಯಲ್ಲಿಯೂ ಕಾಂಕ್ರೀಟಿನ ಮನೆಯಲ್ಲಿಯೂ ಇದನ್ನೇ ಮಾಡಿರಿ. ಮೂರು ವಕ್ರರೇಖೆಗಳನ್ನು ಒಂದೇ ಹಾಳೆಯ ಮೇಲೆ ಬರೆದಾಗ, ಯಾವ ಮನೆ ಯಾವ ಹೊತ್ತಿಗೆ ವಾಸಯೋಗ್ಯವೆಂಬುದು ಕಣ್ಣಿಗೆ ಕಟ್ಟುವುದು. ಬಳಿಕ ತಗಡಿಗೆ ಸುಣ್ಣ ಬಳಿದು ಮತ್ತೊಮ್ಮೆ ಅಳೆಯಿರಿ. ಗಾಳಿಯ ಉಷ್ಣತೆಯನ್ನು ಅಳೆಯುವ ತಾಪಮಾಪಕವು ವಿಕಿರಣದ ಬಾಧೆಯನ್ನು ಪೂರ್ತಿಯಾಗಿ ತೋರಿಸದು. ಅದರ ಬುರುಡೆಗೆ ಕಪ್ಪು ಬಟ್ಟೆ ಸುತ್ತಿ ತಗಡಿನ ಕೆಳಗೆ ಹಿಡಿದು, ಏನಾಗುವುದೆಂದು ನೋಡಿರಿ.

ಆ ಹಾಳೆಯನ್ನು ನಿಮ್ಮ ಮನೆಯ ಹಿರಿಯರ ಮುಂದೆಯೂ ಗೌಂಡಿಯ ಮುಂದೆಯೂ ಇಡಿರಿ. ಗೌಂಡಿಗೆ ನಮ್ಮಲ್ಲಿ ಅನೇಕರಿಗಿಲ್ಲದ ಕೈಯ ತಿಳಿವಳಿಕೆಯಿದೆ; ಆತನಿಗೆ ಸಾಮಾನ್ಯವಾಗಿ ಯಾರೂ ಕೊಡದಿರುವುದು ಅಳೆದು ತಂದ ಅಂಕಿಗಳನ್ನು. ಇಬ್ಬರೂ ಕೂಡಿದರೆ ನಮ್ಮ ಊರಿನ ಹಿತ್ತಲುಗಳಲ್ಲಿ ಏಳುವ ಕೋಣೆಗಳು ಬೇರೆಯಾಗುವುವು. ಮನೆಯಲ್ಲಿ ಜಾಗ ಸಾಲದಾಗ ಹಿತ್ತಲಿಗೆ ಹೋಗುವವರು ಬಹುಮಟ್ಟಿಗೆ ಮುದುಕರು, ಓದುವ ಮಕ್ಕಳು, ಬಾಣಂತಿಯಾಗಿ ಬಂದ ಮಗಳು. ಅಂದರೆ ತಮಗಾಗಿ ಒಳ್ಳೆಯ ಕೋಣೆಯನ್ನು ಕೇಳಿ ಪಡೆಯಲಾರದವರು. ಅವರ ಪರವಾಗಿ ಕೇಳುವ ಕೆಲಸವನ್ನು ಲೆಕ್ಕ ಬಲ್ಲ ವಿದ್ಯಾರ್ಥಿಗಳು ವಹಿಸಿಕೊಳ್ಳಬೇಕೆಂಬುದು ನಮ್ಮ ಅಪೇಕ್ಷೆ.